ನೀರೆತ್ತುವ ಪರವಾನಗಿಗೆ ನಾನು ಲೆಕ್ಕ ಕಟ್ಟಿದ ಬಗೆ

ಬಾವಿಯಿಂದ ನೀರೆತ್ತಲು ಅನುಮತಿ ಬೇಕು ಎಂಬ ಕಾನೂನು ಬಂದರೆ ರೈತರಿಗೆ ಎದೆ ಧಸಕ್ಕೆನ್ನುವುದು ಸಹಜ. ಇವತ್ತು ಮೀಟರ್, ನಾಳೆ ಮಿತಿ, ನಾಡಿದ್ದು ಕಡಿತ ಎಂಬ ಹೆದರಿಕೆಯಲ್ಲಿ ಹುರುಳಿದೆ. ಆದರೆ ಇಂಥ ಕಾನೂನುಗಳು ಸಾಮಾನ್ಯವಾಗಿ ಕೇಳುವುದು ಸೆಕೆಂಡಿಗೆ ಎಷ್ಟು ಲೀಟರ್, ದಿನಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಎಂಬ ಮೂರು ಅಂಕಿಗಳನ್ನು. ನಮ್ಮ ಹತ್ತಿರ ಅವು ಇಲ್ಲದಿದ್ದರೆ ಬೇರೆಯವರ ಅಂದಾಜೇ ನಮ್ಮ ಮಿತಿಯಾಗುತ್ತದೆ. ಉದಾಹರಣೆಗೆ, ಇಂಗ್ಲೆಂಡಿನಲ್ಲಿ ಹನಿ ನೀರಾವರಿಗೆ ಬಹುಕಾಲ ಪರವಾನಗಿ ಬೇಕಿರಲಿಲ್ಲ. 2018ರ ಜನವರಿ 1ರಿಂದ ಆ ವಿನಾಯಿತಿ ಹೋಯಿತು. ಮೊದಲಿನಿಂದ ನೀರೆತ್ತುತ್ತಿದ್ದವರು ಅದಕ್ಕೆ ಹಿಂದಿನ 7 ವರ್ಷಗಳ ಅವಧಿಯಲ್ಲಿ ನೀರು ಬಳಸಿದ್ದಕ್ಕೆ ಆಧಾರ ಕೊಡಬೇಕಾಯಿತು. ಹಾಗಾಗಿ ಕಾನೂನು ಬರಲಿ ಬಾರದಿರಲಿ, ಲೆಕ್ಕದ ಪುಸ್ತಕ ಇವತ್ತೇ ಶುರುವಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಮಾಡಿದ್ದು ಡ್ರಮ್ ಪರೀಕ್ಷೆ. 200 ಲೀಟರ್ ಡ್ರಮ್ಮು, ಮೊಬೈಲಿನ ಸ್ಟಾಪ್‌ವಾಚು ಇದ್ದರೆ ಸಾಕು. ಮೋಟರ್ ಹಾಕಿದ ಕೂಡಲೇ ಅಳೆಯಬಾರದು. ಆಗ ಬಾವಿಯ ಮಟ್ಟ ಮೇಲಿರುವುದರಿಂದ ನೀರು ಹೆಚ್ಚು ಬರುತ್ತದೆ. ನಾನು ಕನಿಷ್ಠ ಅರ್ಧ ಗಂಟೆ ಓಡಿಸಿದ ಮೇಲೆ ಐದು ಸಲ ಅಳೆದು ಸರಾಸರಿ ತೆಗೆಯುತ್ತೇನೆ. ಡ್ರಮ್ಮು 50 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 4 ಲೀಟರ್, ಅಂದರೆ ಗಂಟೆಗೆ 14,400 ಲೀಟರ್. ಮಳೆಗಾಲದ ಕೊನೆಗೊಮ್ಮೆ, ಕಡುಬೇಸಿಗೆಯಲ್ಲೊಮ್ಮೆ ಅಳೆದು ಎರಡನ್ನೂ ಬರೆದಿಡುತ್ತೇನೆ.

"ಎರಡಿಂಚು ನೀರು", "ಮೂರಿಂಚು ನೀರು" ಎಂಬ ಮಾತನ್ನು ಅರ್ಜಿಯಲ್ಲಿ ಬರೆಯಲೇಬಾರದು. ಅದು ವಿ-ನಾಚ್ ತಗಡಿನ (ಅಳತೆಗೆಂದು V ಆಕಾರದಲ್ಲಿ ಕತ್ತರಿಸಿದ ತಗಡು) ಮೇಲೆ ಹರಿಯುವ ನೀರಿನ ಎತ್ತರವೇ ಹೊರತು ಪ್ರಮಾಣವಲ್ಲ. 90 ಡಿಗ್ರಿ ನಾಚಿನಲ್ಲಿ ಎರಡಿಂಚು ಅಂದರೆ ಗಂಟೆಗೆ ಸುಮಾರು 2,900 ಲೀಟರ್, ಮೂರಿಂಚು ಅಂದರೆ ಸುಮಾರು 8,000, ನಾಲ್ಕಿಂಚು ಅಂದರೆ 16,000 ದಾಟುತ್ತದೆ. ಎತ್ತರ ಇಮ್ಮಡಿಯಾದರೆ ನೀರು ಐದೂವರೆ ಪಟ್ಟು ಮೀರುತ್ತದೆ, ಹಾಗಾಗಿ ಕಾಲಿಂಚು ತಪ್ಪಿದರೂ ಲೆಕ್ಕ ಎಲ್ಲಿಗೋ ಹೋಗುತ್ತದೆ. ಸ್ಕೇಲನ್ನು ನಾಚಿನ ಬಾಯಲ್ಲೇ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ. ನೀರಿನ ಎತ್ತರದ ನಾಲ್ಕು ಪಟ್ಟಾದರೂ ಹಿಂದೆ, ಮೂರಿಂಚಿಗೆ ಒಂದಡಿ ಹಿಂದೆ, ನಾಚಿನ ತಳಮೂಲೆಯ ಸಮಮಟ್ಟದಿಂದ ಅಳೆಯಬೇಕು.

ಇನ್ನು ಮೀಟರ್. ರೈತರ ಜಗಳಗಳೆಲ್ಲ ಹುಟ್ಟುವುದು ಇಲ್ಲೇ. ಚಕ್ರ ತಿರುಗುವ ಮೀಟರಿಗೆ ಮುಂಚೆ ಪೈಪಿನ ವ್ಯಾಸದ ಹತ್ತು ಪಟ್ಟು, ನಂತರ ಐದು ಪಟ್ಟು ನೇರ ಪೈಪ್ ಬಿಟ್ಟಿದ್ದೇನೆ. ಮೂರಿಂಚಿನ ಪೈಪಿಗೆ ಇದು 30 ಇಂಚು, 15 ಇಂಚು. ಆ ಉದ್ದದೊಳಗೆ ಬೆಂಡ್ ಅಥವಾ ಅರ್ಧ ತೆರೆದ ಗೇಟ್ ವಾಲ್ವ್ ಇದ್ದರೆ ನೀರು ಸುಳಿದು ಓದಿಕೆ ಕೆಡುತ್ತದೆ. ಮೀಟರ್ ಇರುವ ಜಾಗದಲ್ಲಿ ಪೈಪ್ ಸದಾ ತುಂಬಿರಬೇಕು. ಇಳಿಜಾರಿನ ತುದಿಯಲ್ಲಿ ಕೂರಿಸಿದರೆ ಅರ್ಧ ಪೈಪಿನ ನೀರನ್ನು ಪೂರ್ತಿ ಪೈಪೆಂದು ಎಣಿಸುತ್ತದೆ. ಅದಕ್ಕೇ ಮೀಟರಿನ ಆಚೆ ಪೈಪನ್ನು ಒಂದೂವರೆ ಅಡಿ ಮೇಲೆತ್ತಿ ಮುಂದೆ ಒಯ್ದಿದ್ದೇನೆ.

ನೀರು ಕಡಿಮೆಯಾಗಿ ಬೋರ್‌ವೆಲ್ ಗಾಳಿ ಉಗುಳತೊಡಗಿದರೆ ಮೀಟರ್ ಆ ಗಾಳಿಗೂ ಗರಗರ ತಿರುಗುತ್ತದೆ. ಬಾರದ ನೀರು ನಮ್ಮ ಹೆಸರಿಗೆ ಬೀಳುತ್ತದೆ. ಅದಕ್ಕೆ ಮೀಟರಿಗಿಂತ ಮೊದಲು ಏರ್ ವಾಲ್ವ್ ಇರಲೇಬೇಕು. ಮರಳು ಬರುವ ಬಾವಿಯಾದರೆ ಹೈಡ್ರೋಸೈಕ್ಲೋನ್ ಫಿಲ್ಟರ್ (ನೀರನ್ನು ಸುಳಿಯಂತೆ ತಿರುಗಿಸಿ ಮರಳು ಬೇರ್ಪಡಿಸುವುದು) ಕೂಡ ಮೀಟರಿಗಿಂತ ಮೊದಲು ಬರಬೇಕು. ಕಬ್ಬಿಣದಂಶದ ಕೆಂಪು ಲೋಳೆ ಚಕ್ರಕ್ಕೆ ಹಿಡಿದರೆ ಓದಿಕೆ ಕಡಿಮೆ ಬರುತ್ತದೆ. ಸದ್ಯಕ್ಕೆ ಅದು ಲಾಭದಂತೆ ಕಂಡರೂ ಮೋಸದ ಆರೋಪ ಬರುವುದು ಅಲ್ಲಿಂದಲೇ. ಪ್ರತಿ ಹಂಗಾಮಿನಲ್ಲಿ ಡ್ರಮ್ಮಿನ ಅಳತೆಗೆ ಹೋಲಿಸುತ್ತೇನೆ. ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೀಟರ್ ಬಿಚ್ಚಿಸಬೇಕು. ಸೀಲ್ ಇದ್ದರೆ ಅಧಿಕಾರಿಗೆ ಬರೆದುಕೊಟ್ಟು, ಸೀಲಿನ ಫೋಟೊ ತೆಗೆದುಕೊಂಡ ಮೇಲೆಯೇ. ಡಯಲ್ಲಿನ ಮೇಲೆ ×10 ಎಂದಿದೆಯೇ ಎಂದೂ ನೋಡಿಕೊಳ್ಳಿ, ಅದನ್ನು ಮರೆತರೆ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ.

ಮೀಟರ್ ಕೆಟ್ಟ ದಿನಗಳಿಗೆ ವಿದ್ಯುತ್ ಲೆಕ್ಕ ಆಸರೆ. ಗಂಟೆಗೆ 14,400 ಲೀಟರ್ ಎತ್ತಲು 6 ಯೂನಿಟ್ ಹೋದರೆ ಯೂನಿಟ್ಟಿಗೆ 2,400 ಲೀಟರ್. ಮಟ್ಟ ಇಳಿದಂತೆ ಈ ಅಂಕಿಯೂ ಇಳಿಯುತ್ತದೆ, ಹಾಗಾಗಿ ಹಳೆಯ ಅಂಕಿ ಹಿಡಿದರೆ ಎತ್ತಿದ್ದಕ್ಕಿಂತ ಹೆಚ್ಚು ನೀರು ತೋರುತ್ತದೆ.

ಬಾವಿಯ ಮಟ್ಟ ನೋಡಲು ಪೈಪ್ ಇಳಿಸುವಾಗಲೇ 6 ಮಿ.ಮೀ. ಪ್ಲಾಸ್ಟಿಕ್ ನಳಿಗೆ ಕಟ್ಟಿ ಬಿಟ್ಟಿದ್ದೇನೆ. ಮೇಲೆ ಪ್ರೆಶರ್ ಗೇಜ್, ಸೈಕಲ್ ಪಂಪಿನ ವಾಲ್ವ್. ಮುಳ್ಳು ನಿಲ್ಲುವವರೆಗೆ ಗಾಳಿ ಹೊಡೆಯಬೇಕು. ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಅಂದರೆ ನಳಿಗೆಯ ತುದಿಯ ಮೇಲೆ 10 ಮೀಟರ್ ನೀರು. ನಳಿಗೆಯ ತುದಿ 90 ಮೀಟರಿನಲ್ಲಿದ್ದು ಗೇಜ್ 2.5 ತೋರಿಸಿದರೆ ನೀರು 65 ಮೀಟರಿನಲ್ಲಿದೆ. ಮೋಟರ್ ನಿಂತು 12 ಗಂಟೆಯಾದ ಮೇಲೊಂದು, ಓಡುತ್ತಿರುವಾಗೊಂದು ಓದಿಕೆ. ಅಕ್ಕಪಕ್ಕದ ಬಾವಿ ಓಡುತ್ತಿತ್ತೇ ಎಂಬುದನ್ನೂ ಬರೆಯಬೇಕು. "ನಿಮ್ಮ ಬಾವಿಯಿಂದ ಅವರದು ಬತ್ತಿತು" ಎಂಬ ದೂರು ಬಂದಾಗ ಈ ಪುಟಗಳೇ ಸಾಕ್ಷಿ.

ವರ್ಷದ ಬೇಡಿಕೆಯನ್ನು ಬೆಳೆಯ ಕಡೆಯಿಂದ ಕಟ್ಟಿದೆ. ಎಕರೆಗೆ 1 ಮಿ.ಮೀ. ನೀರು ಅಂದರೆ 4,047 ಲೀಟರ್. ಹವಾಮಾನದ ಪ್ರಕಾರ ದಿನಕ್ಕೆ 5 ಮಿ.ಮೀ. ಆವಿಯಾಗುವಾಗ, ತುಂಬು ಬೆಳವಣಿಗೆಯ ಬೆಳೆಯ ಗುಣಾಂಕ (ಆ ಆವಿಯ ಎಷ್ಟು ಪಟ್ಟು ನೀರು ಬೆಳೆಗೆ ಬೇಕೆಂಬ ಅಂಕಿ) 1.15 ಎಂದಿಟ್ಟುಕೊಂಡರೆ 5.75 ಮಿ.ಮೀ. ಬೇಕು. ಹನಿ ನೀರಾವರಿಯ ದಕ್ಷತೆ (ಎತ್ತಿದ ನೀರಿನಲ್ಲಿ ಬೆಳೆಗೆ ಸೇರುವ ಪಾಲು) ಶೇ. 90 ಎಂದರೆ ಎಕರೆಗೆ ದಿನಕ್ಕೆ ಸುಮಾರು 25,900 ಲೀಟರ್. ಕಾಲುವೆ ಹಾಯಿಸಿ ದಕ್ಷತೆ ಶೇ. 60 ಆದರೆ ಸುಮಾರು 38,800. ಇಂಗ್ಲೆಂಡಿನಲ್ಲಿ ಪರವಾನಗಿಯಿಲ್ಲದೆ ಎತ್ತಬಹುದಾದ ಮಿತಿ ದಿನಕ್ಕೆ 20 ಘನ ಮೀಟರ್, ಅಂದರೆ 20,000 ಲೀಟರ್. ಇಂಥ ಬೆಳೆಗೆ ಇಂಥ ದಿನದಲ್ಲಿ ಅದು ಹನಿಯಲ್ಲಿ ಕೊಟ್ಟರೂ ಒಂದು ಎಕರೆಗೆ ಸಾಲದು. ಇಷ್ಟೇ ನೀರು ಬಳಸುವ ಸಣ್ಣ ಹಿಡುವಳಿದಾರರೂ ನಿಯಂತ್ರಣದೊಳಗೆ ಬರುತ್ತಾರೆ ಎಂಬ ದೂರಿಗೆ ಇಂಥ ಲೆಕ್ಕವೇ ಬಲ.

ಸರಾಸರಿ ವರ್ಷದ ಮೇಲೆ ಮಿತಿ ಕಟ್ಟುವುದು ನನ್ನ ದೊಡ್ಡ ತಕರಾರು. ಬರದ ವರ್ಷದಲ್ಲಿ 5 ಮಿ.ಮೀ. ಹೋಗಿ 6.5 ಆದರೆ ಅದೇ ಎಕರೆಗೆ 33,600 ಲೀಟರ್ ಬೇಕು, ಶೇ. 30 ಹೆಚ್ಚು. ಮಳೆ ಕೈಕೊಟ್ಟ ಕೊರತೆ ಬೇರೆ. ಹಾಗಾಗಿ ಒಂದೊಂದು ವರ್ಷಕ್ಕೆ ಪ್ರತ್ಯೇಕ ಮಿತಿಯ ಬದಲು ಮೂರೋ ಐದೋ ವರ್ಷದ ಒಟ್ಟು ಮಿತಿ ಕೇಳಿ, ಒಳ್ಳೆ ಮಳೆಯ ವರ್ಷ ಉಳಿಸಿದ್ದು ಬರದ ವರ್ಷಕ್ಕೆ ಸಿಗುತ್ತದೆ. ಬಳಸದೆ ಬಿಟ್ಟ ನೀರಿನ ಹಕ್ಕು ಹೋಗುತ್ತದೆ ಎಂಬ ಷರತ್ತಿದ್ದರೆ ಲಿಖಿತವಾಗಿ ಆಕ್ಷೇಪಿಸಿ. ಅದು ಉಳಿಸಿದವರನ್ನು ಶಿಕ್ಷಿಸಿ, ಬೇಡದಿದ್ದರೂ ಮೋಟರ್ ಓಡಿಸುವಂತೆ ಮಾಡುತ್ತದೆ. ಸೆಕೆಂಡಿನ ಮಿತಿಯನ್ನು ಕರೆಂಟ್ ಇರುವ ಗಂಟೆಗಳಿಗೆ ಹೊಂದಿಸಿ ಕೇಳುವುದನ್ನು ಮರೆಯಬೇಡಿ. ದಿನಕ್ಕೆ 51,700 ಲೀಟರ್ ಬೇಕಾದ ಎರಡು ಎಕರೆಗೆ ಏಳು ಗಂಟೆ ಕರೆಂಟಿದ್ದರೆ ಸೆಕೆಂಡಿಗೆ 2.1 ಲೀಟರ್ ಸಾಕು, ನಾಲ್ಕೇ ಗಂಟೆಯಾದರೆ 3.6 ಬೇಕು.