ಕರಾಚಿ ತಲೆಬರಹ ತಡೆದೆ, ಆದರೆ...

2025ರ ಮೇ 8. ಭಾರತ-ಪಾಕಿಸ್ತಾನ ಸಂಘರ್ಷದ ದಿನಗಳು. ರಾತ್ರಿ ಹನ್ನೊಂದು ದಾಟಿತ್ತು. ನಮ್ಮ ಪತ್ರಿಕೆಯ ಬೆಳಗಾವಿ ಡೆಸ್ಕಿನ ಟೀವಿ ಒಂದೇ ಸಮನೆ ಒದರುತ್ತಿತ್ತು: ಕರಾಚಿ ಬಂದರು ಧ್ವಂಸ. ಚಾನೆಲ್ ಬದಲಿಸಿದರೆ ಅಲ್ಲೂ ಅದೇ. ಪುಟ ಕಟ್ಟುವ ಹುಡುಗ ಎಂಟು ಕಾಲಂ ತಲೆಬರಹ ಹಾಕಿಯೇ ಬಿಟ್ಟಿದ್ದ. "ಏನ್ ನೋಡಾಕತ್ತೀರಿ ಸರ, ಬಿಡೂಣ್ರಿ ಪುಟಾ," ಅಂದ. ಸುಳ್ಳು ಯಾಕೆ ಹೇಳಲಿ, ನನಗೂ ಮೈ ಝುಮ್ಮೆಂದಿತ್ತು. ಮರಾಠಾ ಲಘು ಪದಾತಿದಳದ ಕೇಂದ್ರ ಇರುವ ಊರು ಇದು. ಇಲ್ಲಿ ಓಣಿಗೊಬ್ಬ ಮಾಜಿ ಸೈನಿಕ ಸಿಗುತ್ತಾನೆ.

"ಯಾರ್ ಹೇಳ್ಯಾರ?" ಅಂತ ಕೇಳಿದೆ. ನೌಕಾಪಡೆ ಹೇಳಿರಲಿಲ್ಲ, ಸಚಿವಾಲಯವೂ ಹೇಳಿರಲಿಲ್ಲ. ಒಂದು ಟೀವಿಯನ್ನು ನೋಡಿ ಇನ್ನೊಂದು ಟೀವಿ ಹೇಳುತ್ತಿತ್ತು. ತಲೆಬರಹ ತೆಗೆಸಿ, ಜಮ್ಮು, ಪಠಾಣ್‌ಕೋಟ್, ಉಧಂಪುರದ ಸೇನಾ ನೆಲೆಗಳ ಮೇಲಿನ ದಾಳಿ ತಡೆದಿದ್ದೇವೆ ಎಂಬ ಸೇನೆಯ ಹೇಳಿಕೆಯನ್ನೇ ಲೀಡ್ ಮಾಡಿದೆ. ಹುಡುಗ ಮುಖ ಊದಿಸಿಕೊಂಡ. ಬೆಳಿಗ್ಗೆ ಪೇಪರ್ ಏಜೆಂಟನ ಫೋನು: "ನಿಮ್ಮ ಪೇಪರಿಗೆ ದೇಶಭಕ್ತಿ ಇಲ್ಲೇನ್ರಿ?" ಕರಾಚಿ ಬಂದರಿಗೆ ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆ ಅವನ ಫೋನು ಬರಲಿಲ್ಲ.

"ಯಾರ್ ಹೇಳ್ಯಾರ?" ಎಂಬ ಪ್ರಶ್ನೆ ನಾನು ಕಲಿತದ್ದು 1999ರಲ್ಲಿ, ಕಾರ್ಗಿಲ್ ಹೊತ್ತಿಗೆ. ಆಗ ತಾಲ್ಲೂಕು ವರದಿಗಾರ. ಹಳ್ಳಿಯೊಂದಕ್ಕೆ ಯೋಧನ ಪಾರ್ಥಿವ ಶರೀರ ಬಂದ ದಿನ ಜನರ ಬಾಯಲ್ಲಿ ಒಂದೇ ಮಾತು: ಹತ್ತು ಮಂದಿಯನ್ನು ಕೆಡವಿ ಸತ್ತ. ಹಾಗೇ ಬರೆದೆ. ವಾರ ಬಿಟ್ಟು ಹೋದಾಗ ಅವನ ಅಪ್ಪ ಪೇಪರಿನ ತುಂಡು ಹಿಡಿದುಕೊಂಡೇ ಕೂತಿದ್ದರು. "ಹತ್ತು ಮಂದೀನ ಹೊಡದಾನಂತ ಯಾರ್ ಹೇಳಿದ್ರೋ ತಮ್ಮಾ? ನಮಗ ಮಿಲಿಟ್ರಿಯವ್ರು ಏನೂ ಹೇಳಿಲ್ಲ. ಅವರ್ನ ಕೇಳಿದ್ರ ಇನ್ನೊಂದೀಟು ತಿಳದೀತು." ಹೇಳಲು ನನ್ನ ಹತ್ತಿರ ಯಾರ ಹೆಸರೂ ಇರಲಿಲ್ಲ.

2025ರ ಮೇ ಮಧ್ಯದಲ್ಲಿ ಇನ್ನೊಂದು ಸುಳ್ಳು ಸುದ್ದಿ ಬಂತು. ಆ ದಿನಗಳಲ್ಲಿ ಸೇನೆಯ ಪರವಾಗಿ ಮಾಧ್ಯಮಗಳಿಗೆ ವಿವರ ಕೊಡುತ್ತಿದ್ದ ಕರ್ನಲ್ ಸೋಫಿಯಾ ಖುರೇಷಿಯವರ ಗಂಡನ ಮನೆ ನಮ್ಮ ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿ. ಆ ಮನೆಯ ಮೇಲೆ ದಾಳಿಯಾಗಿದೆ ಎಂದು ಎಕ್ಸ್‌ನಲ್ಲಿ ಹಬ್ಬಿಸಿದರು. ಇದು ಸುಲಭದ ಕೆಲಸ, ಗಾಡಿ ಹತ್ತಿ ಹೋದರಾಯಿತು. ನಮ್ಮವನು ಹೋಗಿ ನೋಡಿದ, ಮನೆಗೆ ಏನೂ ಆಗಿರಲಿಲ್ಲ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೂ ಸುಳ್ಳೆಂದರು. ಹಾಕಿದೆವು.

ಸರ್ಕಾರದ ಕಡೆಯಿಂದ ನನಗೆ ಒಂದು ಫೋನೂ ಬರಲಿಲ್ಲ. ಸೇನಾ ಚಲನವಲನ ನೇರಪ್ರಸಾರ ಮಾಡಬೇಡಿ ಎಂಬ ಏಪ್ರಿಲ್ 26ರ ಸೂಚನೆ ಇತ್ತು. ಅದು ಸರಿಯೇ. ಬೆಳಗಾವಿ ಸ್ಟೇಷನ್ನಿನಲ್ಲಿ ಯಾವ ತುಕಡಿ ರೈಲು ಹತ್ತಿತು ಎಂದು ನಾನು ಸೂಚನೆ ಇಲ್ಲದಾಗಲೂ ಬರೆದವನಲ್ಲ. ಆದರೆ ಮೇ 9ರಂದು ದಿ ವೈರ್ ಸುದ್ದಿ ಜಾಲತಾಣ ತೆರೆಯದಂತೆ ಮಾಡಿದರಲ್ಲ, ಅದು ನನ್ನ ಕೈ ಕಟ್ಟಿಹಾಕಿತು. ನಮ್ಮ ಯುದ್ಧ ವಿಮಾನಗಳೂ ಬಿದ್ದಿವೆ ಎಂಬ ವಿದೇಶಿ ಏಜೆನ್ಸಿಗಳ ಸುದ್ದಿ ಮುಂದೆಯೇ ಇತ್ತು. ಅವರು ಮೂಲ ಇಂಥದ್ದು, ಇದು ಖಚಿತವಾಗಿಲ್ಲ ಎಂದೆಲ್ಲ ಬರೆದಿದ್ದರು. ಹಾಗೇ ಎರಡು ಪ್ಯಾರಾ ಹಾಕಬಹುದಿತ್ತು. "ಈಗ ಬ್ಯಾಡ ಬಿಡೋ," ಅಂದವನು ನಾನೇ. ಹುಡುಗ ನನ್ನನ್ನು "ಯಾಕ್ರಿ?" ಅನ್ನಲಿಲ್ಲ.

ಮೇ 31ರಂದು ಸಿಂಗಪುರದಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್ ವಿಮಾನ ಕಳೆದುಕೊಂಡದ್ದನ್ನು ಒಪ್ಪಿಕೊಂಡರು. ಸಿಂಗಲ್ ಕಾಲಂ, ಒಳಪುಟ. ಆ ಪುಟಕ್ಕೆ ಸಹಿ ಹಾಕಿದವನೂ ನಾನೇ.