ಗಿಡ್ಡ ಕರು, ಗಟ್ಟಿ ಓದು

ಕಳೆದ ಜನವರಿಯ ಜಾನುವಾರು ಪ್ರದರ್ಶನದಲ್ಲಿ ನಮ್ಮ ಯುವಕ ಸಂಘದ ಮಕ್ಕಳು ಏಳು ಕಾಸರಗೋಡು ಗಿಡ್ಡ (ನಮ್ಮ ಕಡೆಯ ಕುಳ್ಳ ನಾಟಿ ದನ) ಕರುಗಳನ್ನು ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಹೆಚ್ಚುಕಡಿಮೆ ಒಂದು ಗಂಟೆ. ಏಳರಲ್ಲಿ ಒಂದೂ ಹಗ್ಗ ಎಳೆಯಲಿಲ್ಲ. ಇದರಲ್ಲಿ ಏನು ದೊಡ್ಡ ವಿಷಯ ಎಂದು ಕೇಳುವವರು ಗಿಡ್ಡವನ್ನು ಸಾಕಿದವರಲ್ಲ. ಬೆಳಗ್ಗೆ ಹಟ್ಟಿಯ ಬಾಗಿಲು ತೆಗೆದರೆ ಗುಡ್ಡ ಹತ್ತಿ, ಸಂಜೆ ತನಗೆ ಮನಸ್ಸು ಬಂದಾಗ ಇಳಿಯುವ ಜಾತಿ ಅದು. ಅದರ ಕರುವನ್ನು ಆರನೆಯ ತರಗತಿಯ ಹುಡುಗನ ಕೈಗೆ ಕೊಟ್ಟು, ಮೈಕು ಕಿರುಚುವ ಮೈದಾನದಲ್ಲಿ ನಿಲ್ಲಿಸುತ್ತೇವೆ ಎಂದಾಗ ಊರಿನ ಹಿರಿಯರೊಬ್ಬರು, ‘ಅದೂ ಒಂದೇ, ಮಂಗನನ್ನು ಊಟದ ಪಂಕ್ತಿಯಲ್ಲಿ ಕೂರಿಸುವುದೂ ಒಂದೇ’ ಎಂದಿದ್ದರು. ಐದು ವರ್ಷ ಅವರ ಮಾತೇ ನಿಜವಾಗಿತ್ತು. ಈಗ ಅಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಇರುವುದು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಕರ್ನಾಟಕದ ಗಡಿಗೆ ಹತ್ತಿರ. ಅಡಿಕೆ ತೋಟ ಇದೆ, ಹಟ್ಟಿಯಲ್ಲಿ ಮೂರು ಗಿಡ್ಡ ಇವೆ. 2018ರ ಮಳೆಗಾಲದಲ್ಲಿ ಸಂಘದ ಸಭೆಯಲ್ಲಿ, ವಾರ್ಷಿಕೋತ್ಸವಕ್ಕೆ ಸುರಿಯುವ ದುಡ್ಡಿನಲ್ಲಿ ಅರ್ಧ ಉಳಿಸಿ ಶಾಲೆಯ ಮಕ್ಕಳಿಗೆ ಕರು ಕೊಡೋಣ ಎಂದವನು ನಾನೇ. ಆಗ ಒಂದು ಹೆಣ್ಣು ಕರು ಐದು ಸಾವಿರದ ಆಸುಪಾಸಿಗೆ ಸಿಗುತ್ತಿತ್ತು. ಆರು ತಂದೆವು. ಎಲ್ಲಿಂದ ತಂದೆವು ಎಂಬುದನ್ನು ಹೇಳುವುದಿಲ್ಲ, ಹೇಳಿದರೆ ಮುಂದಿನ ವರ್ಷ ನನಗೇ ಕರು ಸಿಗುವುದಿಲ್ಲ.

ಮೊದಲ ತಪ್ಪು, ಚೀಟಿ ಎತ್ತಿ ಪುಕ್ಕಟೆ ಕೊಟ್ಟದ್ದು. ಎರಡು ತಿಂಗಳೊಳಗೆ ಎರಡು ಕರುಗಳು ವಾಪಸು ಬಂದವು. ಒಂದು ಮನೆಯವರಂತೂ ಕರುವಿನ ಜೊತೆಗೆ ಹಗ್ಗವನ್ನೂ ಸುತ್ತಿ ಕೊಟ್ಟರು, ‘ನಿಮ್ಮ ಕರು, ನೀವೇ ನೋಡಿಕೊಳ್ಳಿ’ ಎಂದರು. ಮರು ವರ್ಷ ಇನ್ನೊಂದು ಕರು ಸತ್ತಿತು. ಅದು ಸತ್ತದ್ದು ಪ್ರೀತಿಯಿಂದ. ಮೇ ತಿಂಗಳು, ಮನೆಯಲ್ಲಿ ಹಲಸಿನ ಹಪ್ಪಳದ ಕೆಲಸ. ಹುಡುಗ ಹಣ್ಣಾದ ಹಲಸಿನ ಸೊಳೆಗಳನ್ನು ರಚ್ಚೆಯ (ಸೊಳೆ ಬಿಡಿಸಿದ ಮೇಲೆ ಉಳಿಯುವ ಭಾಗ) ಸಮೇತ ಒಂದು ದೊಡ್ಡ ಬುಟ್ಟಿ ತುಂಬಿ ಅದರ ಮುಂದೆ ಇಟ್ಟಿದ್ದಾನೆ. ರಾತ್ರಿ ಹೊಟ್ಟೆ ಹುಳಿಯಾಗಿ ಕರು ಮಲಗಿತು, ಬೆಳಗ್ಗೆ ಏಳಲಿಲ್ಲ. ಅಪ್ಪಸೋಡ (ಅಡುಗೆ ಸೋಡ) ಕಲಸಿ ಕುಡಿಸಬೇಕೆಂದು ನನಗೆ ಗೊತ್ತಿತ್ತು, ಆದರೆ ಆ ಮನೆಯವರು ನನಗೆ ಫೋನು ಮಾಡಿದ್ದೇ ಬೆಳಗ್ಗೆ. ಆ ಹುಡುಗ ಇವತ್ತಿಗೂ ಹಲಸಿನ ಹಣ್ಣು ತಿನ್ನುವುದಿಲ್ಲ ಎಂದು ಅವನ ತಾಯಿ ಹೇಳುತ್ತಾರೆ. ಈಗ ಕರು ಕೊಡುವ ದಿನ ಬೇರೇನು ಹೇಳದಿದ್ದರೂ ಹಲಸಿನ ವಿಷಯ ಮೂರು ಸಲ ಹೇಳುತ್ತೇನೆ.

ಈ ಸಾವಿಗೆ ಮೊದಲು, 2019ರ ಆರಂಭದಲ್ಲಿ, ಉಳಿದಿದ್ದ ನಾಲ್ಕರಲ್ಲಿ ಮೂರನ್ನು ಪಿಕಪ್ಪಿನಲ್ಲಿ ತುಂಬಿ ಒಂದು ಪ್ರದರ್ಶನಕ್ಕೆ ಒಯ್ದಿದ್ದೆವು. ಉದ್ಘಾಟನೆಗೆ ಚೆಂಡೆ ಇತ್ತು. ಮೊದಲ ಪೆಟ್ಟಿಗೇ ಕಾಳಿ ಎಂಬ ಕರು ಚಂಗನೆ ಹಾರಿ ಚಹಾದ ಅಂಗಡಿಗೆ ನುಗ್ಗಿತು. ಹಗ್ಗ ಬಿಡಬಾರದು ಎಂದು ನಾನು ಹೇಳಿಕೊಟ್ಟಿದ್ದೆನಲ್ಲ, ಹುಡುಗ ಬಿಡಲಿಲ್ಲ. ಮೊಣಕೈ, ಮೊಣಕಾಲು ಎರಡೂ ಸಿಪ್ಪೆ ಸುಲಿದವು. ಅವಲಕ್ಕಿಯ ಪಾತ್ರೆ ಮಗುಚಿದ್ದಕ್ಕೆ ಮುನ್ನೂರು ರೂಪಾಯಿ, ಟಿಟಿ ಚುಚ್ಚುಮದ್ದು, ಪಿಕಪ್ಪಿನ ಬಾಡಿಗೆ ಸಾವಿರದ ಇನ್ನೂರು. ಬಹುಮಾನ ಸೊನ್ನೆ. ಅಲ್ಲಿ ಮಿಶ್ರತಳಿಯ ಕರುಗಳ ಜೊತೆಗೇ ನಮ್ಮವನ್ನೂ ನಿಲ್ಲಿಸಿ ಟೇಪು ಹಿಡಿದು ಎದೆಯ ಸುತ್ತಳತೆ ನೋಡಿದರು. ಬೆಳೆದ ಗಿಡ್ಡ ಹಸುವೇ ಒಂದು ಮೀಟರಿನ ಆಸುಪಾಸು ಎತ್ತರ, ತೂಕ ಒಂದೂವರೆ ಕ್ವಿಂಟಾಲು. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿಯ ಕಡಸು ವರ್ಷ ತುಂಬುವಷ್ಟರಲ್ಲಿ ಅಷ್ಟು ತೂಗುತ್ತದೆ. ಟೇಪಿನಲ್ಲಿ ನಾವು ಗೆಲ್ಲುವ ಮಾತೇ ಇಲ್ಲ.

ಎರಡು ವರ್ಷದ ಲೆಕ್ಕ ಹಾಕಿದಾಗ ಸಂಘಕ್ಕೆ ನಲವತ್ತು ಸಾವಿರದಷ್ಟು ಕೈಬಿಟ್ಟಿತ್ತು. ಸಭೆಯಲ್ಲಿ ಒಬ್ಬರು, ‘ಕರುವೂ ಉಳಿಯಲಿಲ್ಲ, ಮಕ್ಕಳ ಓದೂ ಉಳಿಯಲಿಲ್ಲ’ ಎಂದರು. ನನಗೆ ಸಿಟ್ಟು ಬಂತು. ಕೇರಳದ್ದೇ ಇನ್ನೊಂದು ಕುಳ್ಳ ತಳಿಯಾದ ವೆಚ್ಚೂರು ದನ ಇನ್ನೇನು ಮುಗಿಯಿತು ಎನ್ನುವಾಗ, 1989ರಲ್ಲಿ ಮನೆಮನೆ ಹುಡುಕಿ ಆ ತಳಿಯನ್ನು ಉಳಿಸಿದವರು ಮಣ್ಣುತ್ತಿ ಪಶುವೈದ್ಯ ಕಾಲೇಜಿನ ಡಾ. ಶೋಶಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು, ವಿದ್ಯಾರ್ಥಿಗಳಿಂದ ಆಗದ್ದು ಏನಿದೆ ಎಂದು ಭಾಷಣ ಮಾಡಿದೆ. ‘ಅವರು ಪಶುವೈದ್ಯ ಕಾಲೇಜಿನವರು, ನಿಮ್ಮವರು ಆರನೆಯ ತರಗತಿ’ ಎಂಬ ಉತ್ತರ ಬಂತು. ಕೂತೆ.

ದಾರಿ ತೋರಿಸಿದ್ದು ಕೊರೋನಾ. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂತು. ನಮ್ಮ ಬೈಲಿನಲ್ಲಿ ರೇಂಜು ಇಲ್ಲ. ಕಾಳಿಯ ಪಕ್ಕದ ಮನೆಯ ಹುಡುಗಿ, ಆಗ ನಾಲ್ಕನೆಯ ತರಗತಿ, ಬೊಳ್ಳಿ ಎಂಬ ಕರು ಅವಳದು. ಬೆಳಗ್ಗೆ ಗುಡ್ಡದ ಮೇಲಿನ ಗೇರುಮರದ ಬುಡಕ್ಕೆ ಹೋಗಿ ಪಾಠ ಕೇಳುತ್ತಿದ್ದಳು. ಹೇಗೂ ಹೋಗುತ್ತೀಯಲ್ಲ, ಕರುವನ್ನೂ ಹೊಡೆದುಕೊಂಡು ಹೋಗು ಎಂದು ಅಜ್ಜಿ ಹಗ್ಗ ಕೈಗೆ ಕೊಟ್ಟಿದ್ದರು. ಕರುವನ್ನು ಅದೇ ಮರಕ್ಕೆ ಗಿಡ್ಡ ಹಗ್ಗದಲ್ಲಿ ಕಟ್ಟಿ ಇವಳು ಪಕ್ಕದಲ್ಲಿ ಕೂರುವುದು. ಮೊಬೈಲಿನಲ್ಲಿ ಟೀಚರು ಹೇಳುವುದು, ಇವಳು ಗಟ್ಟಿಯಾಗಿ ತಿರುಗಿ ಹೇಳುವುದು, ಮುಕ್ಕಾಲು ಗಂಟೆ. ಮೂರು ತಿಂಗಳ ನಂತರ ನಾನೊಮ್ಮೆ ಗುಡ್ಡಕ್ಕೆ ಹೋದಾಗ ಕಂಡದ್ದು ಇದು: ಬೊಳ್ಳಿ ನಾಲ್ಕು ಕಾಲನ್ನೂ ಸಮ ಊರಿ ನಿಂತಿದೆ, ಹಗ್ಗ ಸಡಿಲವಾಗಿ ನೆಲಕ್ಕೆ ತಾಗಿದೆ, ಮೆಲುಕು ಹಾಕುತ್ತಿದೆ. ನಾನು ಕೆಮ್ಮಿದೆ. ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿತು, ಇನ್ನೊಂದು ಹುಡುಗಿಯ ಕಡೆಗೇ ಇತ್ತು.

ನಾವು ಎರಡು ವರ್ಷ ಮಕ್ಕಳಿಗೆ ಕಲಿಸಿದ್ದು ಕರುವನ್ನು ನಡೆಸುವುದನ್ನು. ಕಲಿಸಬೇಕಾದದ್ದು ನಿಲ್ಲಿಸುವುದನ್ನು. ಪ್ರದರ್ಶನದಲ್ಲಿ ನಡಿಗೆ ಎರಡು ನಿಮಿಷ, ಉಳಿದದ್ದೆಲ್ಲ ನಿಲ್ಲುವುದೇ.

ಅಂದಿನಿಂದ ನಿಯಮ ಬದಲಾಯಿತು. ದಿನಕ್ಕೆ ಅರ್ಧ ಗಂಟೆ, ಒಂದೇ ಜಾಗ, ಒಂದೇ ಹೊತ್ತು, ಕರುವಿನ ಪಕ್ಕದಲ್ಲಿ ಕೂತು ಶಾಲೆಯ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು. ಮೂಗುದಾರ ಇಲ್ಲ, ಬೆತ್ತ ಇಲ್ಲ, ಮುಖಕ್ಕೆ ಸುತ್ತಿದ ಹಗ್ಗ ಮಾತ್ರ. ಮೊದಲ ಹತ್ತು ದಿನ ಕರು ಒದ್ದಾಡುತ್ತದೆ, ಆಗ ಓದು ನಿಲ್ಲಿಸಬಾರದು. ಇಪ್ಪತ್ತು, ಇಪ್ಪತ್ತೈದನೆಯ ದಿನಕ್ಕೆ ಸ್ವರಕ್ಕೆ ಹೊಂದಿಕೊಳ್ಳುತ್ತದೆ. ಮನಸ್ಸಿನಲ್ಲಿ ಓದಿದರೆ ಪ್ರಯೋಜನವಿಲ್ಲ, ಒಬ್ಬ ಹುಡುಗ ಹಾಗೆ ಮಾಡಿ ಎರಡು ತಿಂಗಳು ಹಾಳು ಮಾಡಿಕೊಂಡ. ಊರಿನಲ್ಲಿ ‘ಕರುವಿಗೆ ಎಸ್ಸೆಸ್ಸೆಲ್ಸಿ ಯಾವಾಗ’ ಎಂದು ತಮಾಷೆ ಮಾಡಿದರು. ಆದರೆ ಓದು ಹಾಳಾಗುತ್ತದೆ ಎಂದು ಗೊಣಗುತ್ತಿದ್ದ ತಾಯಂದಿರ ಬಾಯಿ ತಾನಾಗಿ ಮುಚ್ಚಿತು. ಅಡುಗೆಮನೆಯಿಂದ ಕೇಳುವಂತೆ ಮಗ ದಿನವೂ ಓದುತ್ತಿದ್ದಾನೆ, ಇನ್ನೇನು ಬೇಕು.

ಎರಡನೆಯ ಬದಲಾವಣೆ ದುಡ್ಡಿನದು. ಈಗ ಪುಕ್ಕಟೆ ಇಲ್ಲ. ಮಗು ತಿಂಗಳಿಗೆ ನೂರು ರೂಪಾಯಿ ಸಂಘಕ್ಕೆ ಕಟ್ಟಬೇಕು, ಕರು ದೊಡ್ಡದಾಗಿ ಹಾಕಿದ ಮೊದಲ ಹೆಣ್ಣು ಕರುವನ್ನು ಸಂಘಕ್ಕೆ ಮರಳಿಸಬೇಕು. ಮಗುವಿಗೆ ನೂರು ರೂಪಾಯಿ ಎಲ್ಲಿಂದ? ಹಾಲಿನಿಂದ ಎಂದು ಲೆಕ್ಕ ಹಾಕುವವರು ಗಿಡ್ಡದ ಕಡೆ ಬರಬೇಡಿ. ದಿನಕ್ಕೆ ಒಂದೆರಡು ಲೀಟರು ಕೊಟ್ಟರೆ ಅದೇ ಹೆಚ್ಚು, ಅದೂ ಮನೆಯ ಚಹಾಕ್ಕೆ ಸರಿ. ದುಡ್ಡು ಇರುವುದು ಸಗಣಿಯಲ್ಲಿ. ಜೀವಾಮೃತ ಎಂಬ ದ್ರವಗೊಬ್ಬರ ಮಾಡುವ ತೋಟದವರಿಗೆ ಇನ್ನೂರು ಲೀಟರು ನೀರಿಗೆ ಹತ್ತು ಕಿಲೋ ನಾಟಿ ದನದ ಸಗಣಿ, ಐದರಿಂದ ಹತ್ತು ಲೀಟರು ಗೋಮೂತ್ರ ಬೇಕು. ಸುತ್ತಮುತ್ತ ತೋಟ ಬೇಕಾದಷ್ಟಿದೆ, ನಾಟಿ ದನ ಇಲ್ಲ. ಹತ್ತು ಕಿಲೋ ಸಗಣಿ, ಐದು ಲೀಟರಿನ ಒಂದು ಕ್ಯಾನು ಮೂತ್ರ, ಎರಡೂ ಸೇರಿ ನೂರೈವತ್ತು ರೂಪಾಯಿ ಎಂದು ದರ ಇಟ್ಟೆವು. ತಿಂಗಳಿಗೆ ನಾಲ್ಕೈದು ಸಲ ಕೊಟ್ಟರೆ ಆರುನೂರರಿಂದ ಏಳುನೂರೈವತ್ತು. ಹಿಂಡಿಗೆ ಮುನ್ನೂರು, ಸಂಘಕ್ಕೆ ನೂರು ಕಳೆದರೂ ಮಗುವಿನ ಕೈಯಲ್ಲಿ ಇನ್ನೂರರಿಂದ ಮುನ್ನೂರೈವತ್ತು ಉಳಿಯುತ್ತದೆ. ಮಳೆಗಾಲದಲ್ಲಿ ಗಿರಾಕಿ ಕಡಿಮೆ. ಏಳನೆಯ ತರಗತಿಯ ಒಬ್ಬ ಹುಡುಗನಂತೂ ನನಗೇ ಸಾಲಕ್ಕೆ ಸಗಣಿ ಕೊಡಲಿಲ್ಲ. ‘ಮಾವ, ನಾಳೆ ದುಡ್ಡು ತಂದು ಒಯ್ಯಿರಿ’ ಎಂದ.

ಮೂರ್ಖತನದ ಪ್ರಯೋಗಗಳೂ ಇವೆ. ಚೆಂಡೆಯ ಹೆದರಿಕೆ ಬಿಡಿಸಲು ಮೊಬೈಲಿನಲ್ಲಿ ಚೆಂಡೆಯ ಶಬ್ದ ಕೇಳಿಸಿದೆ. ಕರುಗಳು ತಿರುಗಿಯೂ ನೋಡಲಿಲ್ಲ, ಆದರೆ ನಿಜವಾದ ಚೆಂಡೆಗೆ ಮತ್ತೆ ಹಾರಿದವು. ನೆಲ ಅದುರುವುದು ಮೊಬೈಲಿನಲ್ಲಿ ಬರುವುದಿಲ್ಲವಲ್ಲ. ಕೊನೆಗೆ ಯಕ್ಷಗಾನ ಕಲಿಯುವ ಹುಡುಗರನ್ನು ಹಟ್ಟಿಯ ಹತ್ತಿರವೇ ಅಭ್ಯಾಸ ಮಾಡಿ ಎಂದು ಚಹಾ, ಅವಲಕ್ಕಿ ಕೊಟ್ಟು ಕೂರಿಸಬೇಕಾಯಿತು. ಮೇವಿಗೆಂದು ಅಜೋಲಾ ಎಂಬ ನೀರಿನ ಸಸ್ಯ ಬೆಳೆಸಲು ಟಾರ್ಪಾಲಿನ ಗುಂಡಿ ಮಾಡಿದೆ, ಕರುಗಳಿಗಿಂತ ಮೊದಲು ಕೋಳಿಗಳು ಮುಗಿಸಿದವು. ಹಸಿ ಅಡಿಕೆ ಹಾಳೆಯನ್ನು ಸಣ್ಣಗೆ ಕತ್ತರಿಸಿ ಕೊಟ್ಟದ್ದು ಮಾತ್ರ ಹಿಡಿಯಿತು. ಒಣಗಿದ್ದನ್ನು ಮೂಸಿ ಬಿಡುತ್ತವೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಉಣುಗಿನದು. ಕರುವಿನ ಮೈಯಿಂದ ಹತ್ತು ಉಣುಗು ಆರಿಸಿ ಬಾಟಲಿಗೆ ಹಾಕಿ ತಂದರೆ ಒಂದು ರೂಪಾಯಿ ಎಂದು ಘೋಷಿಸಿದೆ. ಮೊದಲ ವಾರ ಹದಿನೈದು ರೂಪಾಯಿ ಕೊಟ್ಟೆ. ಮೂರನೆಯ ವಾರ ಒಬ್ಬನೇ ನಾನೂರು ಉಣುಗು ತಂದ. ಕರು ಇದ್ದದ್ದು ಮೊಲದಷ್ಟು. ವಿಚಾರಿಸಿದರೆ ಊರಿನ ನಾಯಿಗಳನ್ನೆಲ್ಲ ಹಿಡಿದು ಆರಿಸಿದ್ದಾನೆ. ನಲವತ್ತು ರೂಪಾಯಿ ಕೊಟ್ಟು ಯೋಜನೆ ನಿಲ್ಲಿಸಿದೆ, ಆದರೆ ಆ ವರ್ಷ ನಮ್ಮ ನಾಯಿಗಳ ಮೈ ನೋಡುವಂತಿತ್ತು.

2023ರ ಆರಂಭದಲ್ಲಿ ಎಲ್ಲ ತಯಾರಾಗಿತ್ತು. ಆಗ ಚರ್ಮಗಂಟು ರೋಗ. ದನಗಳನ್ನು ಒಂದೆಡೆ ಸೇರಿಸುವುದೇ ಬೇಡ ಎಂದು ನಾವೇ ನಿರ್ಧರಿಸಿದೆವು, ಮೃಗಾಸ್ಪತ್ರೆಯವರು ಬಂದು ಲಸಿಕೆ ಹಾಕಿದರು. ಒಂದು ಕರುವಿಗೆ ಗಂಟು ಎದ್ದಿತ್ತು, ಬದುಕಿತು, ಮೈಮೇಲೆ ಕಲೆ ಉಳಿಯಿತು. ಅದನ್ನು ಸಾಕಿದ ಹುಡುಗಿ ಕಲೆ ಮುಚ್ಚಲು ಬಣ್ಣ ಹಚ್ಚಬಹುದೇ ಎಂದು ಕೇಳಿದ್ದಳು. ಬೇಡ ಎಂದೆ.

ಆ ವರ್ಷ ಪ್ರದರ್ಶನ ಇಲ್ಲವೆಂದು ಬೇಸರಿಸಿದ ಮಕ್ಕಳನ್ನು ಆಮೇಲೆ, ರೋಗ ತಣಿದ ಮೇಲೆ, ಬದಿಯಡ್ಕದ ಬಳಿ ಬೇಳದಲ್ಲಿರುವ ಗಿಡ್ಡ ತಳಿಯ ಸರಕಾರಿ ಫಾರ್ಮಿಗೆ ಕರೆದುಕೊಂಡು ಹೋದೆ. ಕೇರಳದಲ್ಲಿ 1961ರ ಜಾನುವಾರು ಅಭಿವೃದ್ಧಿ ಕಾಯ್ದೆ ಬಂದು ಪರವಾನಗಿ ಇಲ್ಲದ ಊರ ಹೋರಿಗಳ ಬೀಜ ಒಡೆಸಿದರು, 1963ರ ಇಂಡೋ-ಸ್ವಿಸ್ ಯೋಜನೆಯಲ್ಲಿ ಬ್ರೌನ್ ಸ್ವಿಸ್ ಎಂಬ ವಿದೇಶಿ ತಳಿ ಬಂತು ಎಂದು ಬಸ್ಸಿನಲ್ಲಿ ಹೇಳುತ್ತಿದ್ದೆ. ‘ಹಾಗಾದರೆ ನಮ್ಮ ಹೋರಿಗಳು ಹೇಗೆ ಉಳಿದವು’ ಎಂದು ಒಬ್ಬ ಕೇಳಿದ. ನನ್ನ ಅಜ್ಜ ಹೇಳುತ್ತಿದ್ದದ್ದನ್ನೇ ಹೇಳಿದೆ: ಆಫೀಸಿನವರು ಬರುವುದು ಹಗಲು, ಹೋರಿ ಹಟ್ಟಿಗೆ ಬರುವುದು ರಾತ್ರಿ.

ಇನ್ನು ಜನವರಿಯ ಕತೆ. ಈ ಸಲ ನಾಡತಳಿಗೆ ಬೇರೆಯೇ ವಿಭಾಗ ಇತ್ತು. ಬೇರೆ ವಿಭಾಗದಲ್ಲಿ ಗೆಲ್ಲುವುದೇನು ಮಹಾ ಎನ್ನಬೇಡಿ, ಅಲ್ಲಿ ಹತ್ತೊಂಬತ್ತೋ ಇಪ್ಪತ್ತೋ ಇದ್ದವು, ಹೆಚ್ಚಿನವು ದೊಡ್ಡವರು ತಂದವು. ಹಿಂದಿನ ದಿನ ತೊಳೆದು, ಮೈಗೆ ತೆಂಗಿನೆಣ್ಣೆ ಮತ್ತು ಇನ್ನೊಂದು ವಸ್ತು ಸೇರಿಸಿ ತಿಕ್ಕಿದ್ದೆವು. ಆ ಇನ್ನೊಂದು ವಸ್ತು ಏನೆಂದು ಮೂವರು ಕೇಳಿದ್ದಾರೆ, ಹೇಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಪ್ರದರ್ಶನದ ಹಿಂದಿನ ರಾತ್ರಿ ಕರುವನ್ನು ಎಲ್ಲಿ ಕಟ್ಟುತ್ತೇವೆ ಎಂಬುದೂ ನಮ್ಮಲ್ಲೇ ಇರಲಿ.

ತೀರ್ಪುಗಾರರು ಮೂರನೆಯ ಕರುವಿನ ಹತ್ತಿರ ಬರುವಾಗ ಮೈಕು ಕೂಗಿತು. ಕಿವಿಗೆ ಸೂಜಿ ಹಾಕಿದಂತಹ ಕಿರುಚು. ಆಚೆ ಸಾಲಿನ ಎರಡು ದೊಡ್ಡ ಕಡಸುಗಳು ಹಗ್ಗ ಕಿತ್ತುಕೊಂಡು ಓಡಿದವು, ಅವನ್ನು ಹಿಡಿಯಲು ಐದಾರು ಗಂಡಸರು. ನಮ್ಮ ಸಾಲಿನಲ್ಲಿಯೂ ತಲೆಗಳು ಎದ್ದವು. ನನ್ನ ಜೀವ ಹೋಯಿತು. ಆಗ ಬೊಳ್ಳಿಯ ಹುಡುಗಿ, ಈಗ ಒಂಬತ್ತನೆಯ ತರಗತಿ, ಬೊಳ್ಳಿಯ ಮಗಳನ್ನು ಹಿಡಿದವಳು, ತುಟಿ ಮಾತ್ರ ಅಲುಗಿಸುತ್ತ ಹದಿಮೂರರ ಮಗ್ಗಿ ಶುರು ಮಾಡಿದಳು. ಪಕ್ಕದವನು ಸಮಾಜ ಪಾಠ. ಕೊನೆಯವನಿಗೆ ಏನೂ ನೆನಪಾಗದೆ ಶಾಲೆಯ ಪ್ರಾರ್ಥನೆ ಹೇಳಿದನಂತೆ. ಏಳು ಜೋಡಿ ಕಿವಿಗಳು ಮೈಕಿನಿಂದ ಮಕ್ಕಳ ಕಡೆಗೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ.

ಮೊದಲನೆಯದು, ಮೂರನೆಯದು ನಮಗೆ ಬಂದವು. ಎರಡು ಸಾವಿರ ರೂಪಾಯಿ, ಒಂದು ಸ್ಟೀಲಿನ ಹಾಲಿನ ಕ್ಯಾನು, ಇನ್ನೊಬ್ಬನಿಗೆ ಐನೂರು. ಪಿಕಪ್ಪಿನ ಬಾಡಿಗೆ ಎರಡು ಟ್ರಿಪ್ಪಿಗೆ ಮೂರು ಸಾವಿರದ ಹತ್ತಿರ ಆಯಿತು, ಲೆಕ್ಕ ನೋಡಿದರೆ ಮತ್ತೆ ನಷ್ಟವೇ. ಮಂಗನ ಮಾತು ಹೇಳಿದ್ದ ಹಿರಿಯರು ಮೈದಾನಕ್ಕೆ ಬಂದಿದ್ದರು, ಕರುವಿನ ಬೆನ್ನು ಸವರಿ ‘ಎಣ್ಣೆಗೆ ಏನು ಸೇರಿಸಿದ್ದು’ ಎಂದಷ್ಟೇ ಕೇಳಿದರು.

ಈ ಸಲ ಹನ್ನೊಂದು ಮಕ್ಕಳು ಹೆಸರು ಕೊಟ್ಟಿದ್ದಾರೆ, ಕರುಗಳು ಇರುವುದು ಎಂಟು. ಬೆಲೆ ಈಗ ಎಂಟು ಸಾವಿರ ಮುಟ್ಟಿದೆ, ಉಳಿದ ಮೂರಕ್ಕೆ ದುಡ್ಡು ಹೊಂದಿಸಬೇಕು. ಕರು ಸಿಗದ ಮೂವರಲ್ಲಿ ಒಬ್ಬ ಕಾಯುವ ತಾಳ್ಮೆ ಇಲ್ಲದೆ ಪಕ್ಕದ ಮನೆಯ ಎಮ್ಮೆಗೆ ದಿನವೂ ವಿಜ್ಞಾನ ಓದುತ್ತಿದ್ದಾನೆ. ಎಮ್ಮೆಯ ವಿಷಯದಲ್ಲಿ ನಾನು ಯಾವ ಭರವಸೆಯನ್ನೂ ಕೊಟ್ಟಿಲ್ಲ.