ಸರ್ಪಸುತ್ತಿನ ಉರಿಗೆ ಮೆಣಸಿನ ಮುಲಾಮು

ಗುಳ್ಳೆ ಒಣಗಿ ಮೂರು ತಿಂಗಳಾಗಿತ್ತು. ಆದರೂ ಸೀರೆಯ ಸೆರಗು ಪಕ್ಕೆಗೆ ತಾಗಿದರೆ ಸಾಕು, ಆಕೆಗೆ ಜೀವ ಹೋದಂತಾಗುತ್ತಿತ್ತು. ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಕೆಲಸ ಮಾಡುವ, ಅರವತ್ತು ದಾಟಿದ ಹೆಂಗಸು. ಸರ್ಪಸುತ್ತು ಎದ್ದಾಗ ಮನೆಯವರು ಕೆಮ್ಮಣ್ಣು ಹಚ್ಚಿ, ತಲೆ ಬಾಲ ಕೂಡದಿರಲಿ ಎಂದು ಕಾದಿದ್ದರು. ವೈರಾಣು ನಿಗ್ರಹಿಸುವ ಮಾತ್ರೆಯನ್ನು ಮೊದಲ 72 ಗಂಟೆಗಳಲ್ಲಿ ಶುರು ಮಾಡಿದರೆ ಒಳ್ಳೆಯದು. ಆ ಅವಧಿ ಎಂದೋ ಮುಗಿದಿತ್ತು.

ನಾನು ಶೇ 0.075ರ ಕ್ಯಾಪ್ಸೈಸಿನ್ ಮುಲಾಮು ಬರೆದುಕೊಟ್ಟೆ. ಕ್ಯಾಪ್ಸೈಸಿನ್ ಎಂದರೆ ಮೆಣಸಿನಕಾಯಿಯ ಖಾರದ ಸತ್ವ. ನಾಲ್ಕನೆಯ ದಿನವೇ ಆಕೆ ಟ್ಯೂಬನ್ನು ನನ್ನ ಮೇಜಿನ ಮೇಲಿಟ್ಟರು. "ಉರಿ ಆರಿಸಿ ಎಂದರೆ ಬೆಂಕಿ ಕೊಟ್ಟಿದ್ದೀರಿ." ಆ ಮಾತು ಸರಿಯಾಗಿಯೇ ಇತ್ತು. ಮೊದಲ ಒಂದೆರಡು ವಾರ ಉರಿ ಹೆಚ್ಚುತ್ತದೆ, ಏಕೆ ಹೆಚ್ಚುತ್ತದೆ ಎಂಬುದನ್ನು ನಾನು ಹೇಳಿರಲಿಲ್ಲ. ಅಂದಿನಿಂದ ಚೀಟಿ ಬರೆಯುವ ಮುನ್ನ ಹತ್ತು ನಿಮಿಷ ನರದ ವಿಚಾರ ಮಾತನಾಡುತ್ತೇನೆ.

ಮಾತು ಮಿರ್ಚಿಯಿಂದಲೇ ಶುರುವಾಗುತ್ತದೆ. ಮಿರ್ಚಿ ಮಂಡಕ್ಕಿ ತಿನ್ನದವರು ಈ ಊರಲ್ಲಿ ಯಾರಿದ್ದಾರೆ? ಖಾರವೆಂಬುದು ರುಚಿಯಲ್ಲ, ನೋವು. ನರದ ತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿಗೆ ತೆರೆಯುವ ಬಾಗಿಲೊಂದಿದೆ. ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತೆರೆಯುತ್ತದೆ, ಮಿದುಳಿಗೆ "ಸುಡುತ್ತಿದೆ" ಎಂಬ ಸುದ್ದಿ ಮುಟ್ಟುತ್ತದೆ. 1997ರಲ್ಲಿ ಈ ಬಾಗಿಲನ್ನು ಗುರುತಿಸಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಸಂದಿತು.

ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಮುಂದಿನ ಸಂಗತಿ. ಸುದ್ದಿಯನ್ನು ಬೆನ್ನುಹುರಿಗೆ ಒಯ್ಯುವ ಆ ನರವೇ ಚರ್ಮದ ಕಡೆಯ ತುದಿಯಲ್ಲಿ ಸಬ್‌ಸ್ಟೆನ್ಸ್ ಪಿ, ಸಿಜಿಆರ್‌ಪಿ ಎಂಬ ಪೆಪ್ಟೈಡ್‌ಗಳನ್ನು, ಎಂದರೆ ಅಮೈನೋ ಆಮ್ಲಗಳ ಪುಟ್ಟ ಸರಪಳಿಗಳನ್ನು, ಸುರಿಸುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಚರ್ಮ ಕೆಂಪಾಗುತ್ತದೆ, ಊದಿಕೊಳ್ಳುತ್ತದೆ. ಗಾಯವಾದಾಗ ಇದು ಉಪಕಾರ: ರಕ್ಷಣೆಯ ಕಣಗಳು ಅಲ್ಲಿಗೆ ಧಾವಿಸುತ್ತವೆ. ಆದರೆ ಸರ್ಪಸುತ್ತಿನಲ್ಲಿ, ಹಿಂದೆಂದೋ ಬಂದ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ವೈರಾಣು ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಮಲಗಿದ್ದು, ಎದ್ದು, ನರವನ್ನೇ ಗಾಯಗೊಳಿಸುತ್ತದೆ. ಚರ್ಮ ಮಾಗಿದ ಮೇಲೂ ನರ ಸುಮ್ಮನೆ ಕೂಗುತ್ತಲೇ ಇರುತ್ತದೆ.

ಮುಲಾಮನ್ನು ಮತ್ತೆ ಮತ್ತೆ ಹಚ್ಚಿದರೆ ಆ ಕೂಗು ತಗ್ಗುತ್ತದೆ. ಸಬ್‌ಸ್ಟೆನ್ಸ್ ಪಿ ದಾಸ್ತಾನು ಬರಿದಾಗುವುದೇ ಕಾರಣ ಎಂದು ನಾವು ಓದಿದ್ದೆವು. ಈಗಿನ ತಿಳಿವಳಿಕೆಯಂತೆ ನರದ ತುದಿಯೇ ಕೆಲಕಾಲ ಮಂಕಾಗಿ ಹಿಂದೆ ಸರಿಯುತ್ತದೆ. 1931ರಲ್ಲಿ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಎಂಬ ವಿಜ್ಞಾನಿಗಳು ಕುದುರೆಯ ಮಿದುಳು, ಕರುಳುಗಳಿಂದ ತೆಗೆದ ಸಬ್‌ಸ್ಟೆನ್ಸ್ ಪಿ ಎಂಬ ಈ 11 ಅಮೈನೋ ಆಮ್ಲಗಳ ಸರಪಳಿಯನ್ನು ತಡೆದರೆ ನೋವು ನಿಲ್ಲುತ್ತದೆಂಬ ಆಸೆ ದೊಡ್ಡದಿತ್ತು. ಅದರ ಗ್ರಾಹಕವನ್ನು, ಎಂದರೆ ಜೀವಕೋಶದ ಮೇಲೆ ಅದು ಬಂದು ಕೂರುವ ತಾಣವನ್ನು, ತಡೆಯುವ ಔಷಧಗಳು ಮನುಷ್ಯರ ನೋವನ್ನು ನಿರೀಕ್ಷಿಸಿದಂತೆ ಇಳಿಸಲಿಲ್ಲ. ಆದರೆ ಅಂಥದ್ದೇ ಒಂದು, ಅಪ್ರೆಪಿಟೆಂಟ್, 2003ರಿಂದ ಕ್ಯಾನ್ಸರ್ ಚಿಕಿತ್ಸೆಯ ವಾಂತಿಯನ್ನು ತಡೆಯುತ್ತಿದೆ. ಹಾಗಾಗಿ "ನಿಮ್ಮ ನೋವಿಗೆಲ್ಲ ಇದೊಂದೇ ಕಾರಣ" ಎಂದು ನಾನು ಯಾರಿಗೂ ಹೇಳುವುದಿಲ್ಲ.

ಆಕೆಗೆ ಎರಡನೆಯ ಬಾರಿ ಮುಲಾಮನ್ನು ಹಚ್ಚಿ ತೋರಿಸಿದೆ. ಬಟಾಣಿ ಕಾಳಿನಷ್ಟು, ದಿನಕ್ಕೆ ಮೂರು ನಾಲ್ಕು ಬಾರಿ, ಗಾಯವಿಲ್ಲದ ಚರ್ಮಕ್ಕೆ ಮಾತ್ರ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ; ಹಚ್ಚಿದ ಮೇಲೆ ಬೆರಳಿಗೆ ಮೊದಲು ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಸೋಪಿನಿಂದ ತೊಳೆಯಬೇಕು. ಬಿಸಿನೀರಿನ ಸ್ನಾನದ ಆಸುಪಾಸಿನಲ್ಲಿ ಹಚ್ಚಬಾರದು. ಭಟ್ಟಿಯ ಮುಂದೆ ಕೂರುವ ಹೊತ್ತಿನಲ್ಲಂತೂ ಬೇಡವೇ ಬೇಡ, ಬಿಸಿಗೂ ಅದೇ ಬಾಗಿಲಲ್ಲವೇ? ಕೆಲಸ ಬಿಟ್ಟು ಮೈ ತಣಿದ ಮೇಲೆ ಹಚ್ಚುವಂತೆ ಹೊತ್ತು ಬದಲಿಸಿದೆವು. ಹೃದಯ, ಕಣ್ಣಿನ ಒತ್ತಡಗಳನ್ನು ವಿಚಾರಿಸಿಕೊಂಡು ನರದ ನೋವು ತಗ್ಗಿಸುವ ಅಮಿಟ್ರಿಪ್ಟಿಲಿನ್ ಮಾತ್ರೆಯನ್ನು ರಾತ್ರಿಗೆ 10 ಮಿಲಿಗ್ರಾಂ ಸೇರಿಸಿದೆ.

ಎರಡನೆಯ ವಾರದ ಕೊನೆಗೆ ಮುಲಾಮಿನ ಉರಿ ಇಳಿಯಿತು. ಆರನೆಯ ವಾರ ಬಂದಾಗ, ನೋವು ಪೂರ್ತಿ ಹೋಗಿಲ್ಲ ಎಂದರು. ಆದರೆ ಹಿಂದಿನ ರಾತ್ರಿ ಆ ಮಗ್ಗುಲಿಗೇ ಹೊರಳಿ ಮಲಗಿದ್ದರಂತೆ.